ಮೂನ್ ನೈಟ್‌ನ ವಿಲನ್‌ಗಳಿಗೂ ಎರಡನೇ ಅವಕಾಶ ಕೊಡಿ: ಮಾರ್ವೆಲ್ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾರ್ವೆಲ್ ಕಾಮಿಕ್ಸ್‌ನ ಸಂಪಾದಕರಿಗೆ, ಕಥೆಗಾರರಿಗೆ, ಮತ್ತು ಮುಂದಿನ ಸರಣಿಗಳ ಬಗ್ಗೆ ತೀರ್ಮಾನ ಮಾಡುವ ಮಾರ್ವೆಲ್ ಸ್ಟುಡಿಯೋದವರಿಗೆ,

ನಮಸ್ಕಾರ.

ನಿಮ್ಮ ಕಾಮಿಕ್ಸ್‌ನ ಸೂಪರ್‌ಹೀರೋ ಮೂನ್ ನೈಟ್‌ನ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. "ಪಾತ್ರ ಚೆನ್ನಾಗಿದೆ, ಆದರೆ ಹೇಳಿಕೊಳ್ಳುವಂಥ ವಿಲನ್ ಒಬ್ಬನೂ ಇಲ್ಲ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊನ್ನೆ ನನ್ನ ಗೆಳೆಯನೊಬ್ಬ ನೇರವಾಗಿ ಸವಾಲು ಹಾಕಿದ. "ಬ್ಯಾಟ್‌ಮನ್‌ಗೆ ಹತ್ತು ಜನರ ಹೆಸರು ಉಸಿರು ಬಿಡದೆ ಹೇಳ್ತೀನಿ. ಸ್ಪೈಡರ್‌ಮನ್‌ಗೂ ಅಷ್ಟೇ. ನೀನು ಮೂನ್ ನೈಟ್‌ಗೆ ಐದು ಜನರ ಹೆಸರು ಹೇಳು ನೋಡೋಣ." ಹೇಳಿದೆ. ಬುಷ್‌ಮನ್, ಸ್ಕಾರ್ಲೆಟ್, ಮಾರ್ಫಿಯಸ್, ಮಿಡ್‌ನೈಟ್ ಮ್ಯಾನ್, ಬ್ಲ್ಯಾಕ್ ಸ್ಪೆಕ್ಟರ್. ಅವನಿಗೆ ಬುಷ್‌ಮನ್ ಬಿಟ್ಟರೆ ಒಂದು ಹೆಸರೂ ಗೊತ್ತಿರಲಿಲ್ಲ. ಅವನು ಹತ್ತು ವರ್ಷದಿಂದ ಮೂನ್ ನೈಟ್ ಓದುತ್ತಿರುವವನು. ತಪ್ಪು ಅವನದಲ್ಲ ಅನ್ನಿಸಿತು. ಅದಕ್ಕೇ ಈ ಪತ್ರ.

ನಾನು ಹೇಳಬೇಕಾದದ್ದು ಇಷ್ಟೇ: ಮೂನ್ ನೈಟ್‌ಗೆ ಒಳ್ಳೆಯ ವಿಲನ್‌ಗಳಿಲ್ಲ ಅನ್ನುವುದು ಸುಳ್ಳು. ಒಳ್ಳೆಯವರನ್ನೇ ಹುಟ್ಟಿಸಿದ್ದೀರಿ. ಆದರೆ ಒಂದು ಕಥೆ, ಹೆಚ್ಚೆಂದರೆ ಎರಡು, ಆಮೇಲೆ ಅವರನ್ನು ಮರೆತುಬಿಟ್ಟಿದ್ದೀರಿ.

ನಿಮಗೆ ನಿಮ್ಮದೇ ಹಳೆಯ ಪುಟವೊಂದನ್ನು ನೆನಪಿಸುತ್ತೇನೆ. 1975ರ ಆಗಸ್ಟ್ ಎಂದು ಮುಖಪುಟದ ಮೇಲಿರುವ 'ವೇರ್‌ವುಲ್ಫ್ ಬೈ ನೈಟ್' ಸರಣಿಯ 32ನೇ ಸಂಚಿಕೆ. ಬರೆದವರು ಡಗ್ ಮೆಂಚ್, ಚಿತ್ರ ಡಾನ್ ಪರ್ಲಿನ್. ಆ ಕಥೆಯಲ್ಲಿ ತೋಳಮಾನವ ಜ್ಯಾಕ್ ರಸೆಲ್‌ನನ್ನು ಹಿಡಿದು ತರಲು 'ಕಮಿಟಿ' ಎಂಬ ಗುಂಪು ಒಬ್ಬ ಬಾಡಿಗೆ ಸೈನಿಕನನ್ನು ನೇಮಿಸುತ್ತದೆ. ಬೆಳ್ಳಿಯ ಆಯುಧ ಕೊಡುತ್ತದೆ, ಬಿಳಿ ಉಡುಪು ಕೊಡುತ್ತದೆ, 'ಮೂನ್ ನೈಟ್' ಎಂಬ ಹೆಸರನ್ನೂ ಕೊಡುತ್ತದೆ. ಅಂದರೆ ನಮ್ಮ ನಾಯಕ ಮೊದಲ ಸಲ ಕಾಣಿಸಿಕೊಂಡದ್ದೇ ಇನ್ನೊಬ್ಬರ ಕಥೆಯ ವಿಲನ್ ಆಗಿ. ಮುಂದಿನ ಸಂಚಿಕೆಯಲ್ಲಿ ಅವನ ಮನಸ್ಸು ತಿರುಗುತ್ತದೆ. ಹಿಡಿದು ತಂದವನನ್ನು ತಾನೇ ಬಿಡಿಸುತ್ತಾನೆ. ಅಲ್ಲಿಗೆ ಅವನ ಕೆಲಸ ಮುಗಿದಿತ್ತು. ಎರಡು ಸಂಚಿಕೆಗೆ ಬಂದ ಬಾಡಿಗೆ ಎದುರಾಳಿ, ಅಷ್ಟೇ. ಆದರೂ ನಿಮ್ಮ ಕಚೇರಿಯಲ್ಲಿ ಯಾರಿಗೋ ಇವನಲ್ಲಿ ಇನ್ನೇನೋ ಇದೆ ಅನ್ನಿಸಿತು. 1976ರಲ್ಲಿ 'ಮಾರ್ವೆಲ್ ಸ್ಪಾಟ್‌ಲೈಟ್'ನ ಎರಡು ಸಂಚಿಕೆ ಅವನಿಗೇ ಸಿಕ್ಕವು. ಆಮೇಲೆ ಹಲ್ಕ್ ಪತ್ರಿಕೆಯ ಹಿಂಬದಿಯ ಪುಟಗಳು. 1980ರಲ್ಲಿ ಸ್ವಂತ ಸರಣಿ.

ಒಬ್ಬ ವಿಲನ್‌ಗೆ ಎರಡನೇ ಅವಕಾಶ ಕೊಟ್ಟದ್ದರಿಂದಲೇ ಮೂನ್ ನೈಟ್ ಇವತ್ತು ಇದ್ದಾನೆ. ಅವನ ವಿಲನ್‌ಗಳಿಗೆ ಮಾತ್ರ ಆ ಭಾಗ್ಯ ಯಾಕಿಲ್ಲ?

ಕನ್ನಡದಲ್ಲಿ ನಾವು ವಿಲನ್‌ಗೆ ಖಳ ಅನ್ನುತ್ತೇವೆ, ಇನ್ನೊಂದು ಹಳೆಯ ಪದವೂ ಇದೆ: ಪ್ರತಿನಾಯಕ. ನನಗೆ ಈ ಪದ ಹೆಚ್ಚು ಇಷ್ಟ. ಪ್ರತಿವಾದಿಯಲ್ಲಿರುವ 'ಪ್ರತಿ'ಯೂ ಅದೇ, ಪ್ರತಿಬಿಂಬದಲ್ಲಿರುವ 'ಪ್ರತಿ'ಯೂ ಅದೇ. ಎದುರು ನಿಲ್ಲುವವನು ಮತ್ತು ಕನ್ನಡಿಯಲ್ಲಿ ಕಾಣುವವನು, ಎರಡೂ ಒಂದೇ ಪದದಲ್ಲಿವೆ. ಮೂನ್ ನೈಟ್‌ನ ಎದುರಾಳಿಗಳನ್ನು ಅರ್ಥ ಮಾಡಿಕೊಳ್ಳಲು ನನಗೆ ಇದಕ್ಕಿಂತ ಒಳ್ಳೆಯ ಕೀಲಿ ಸಿಕ್ಕಿಲ್ಲ. ಅವರಲ್ಲಿ ಒಬ್ಬೊಬ್ಬರೂ ಮಾರ್ಕ್ ಸ್ಪೆಕ್ಟರ್ ಹಿಡಿಯಬಹುದಾಗಿದ್ದ ಒಂದೊಂದು ದಾರಿ.

ಮಾರ್ಕ್ ಸ್ಪೆಕ್ಟರ್ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಇದು ಬಹಿರಂಗ ಪತ್ರ, ಇನ್ನೂ ಓದದವರ ಕೈಗೂ ಸಿಗಲಿ ಅನ್ನುವುದು ನನ್ನ ಆಸೆ, ಹಾಗಾಗಿ ಎರಡು ಮಾತು. ಅಮೆರಿಕದ ಯಹೂದಿ ಕುಟುಂಬದಲ್ಲಿ ಹುಟ್ಟಿದವನು, ತಂದೆ ರಬ್ಬಿ. ಮಗ ಸೈನ್ಯ ಸೇರಿ, ಆಮೇಲೆ ದುಡ್ಡಿಗಾಗಿ ಯಾರ ಪರವಾಗಿಯಾದರೂ ಹೊಡೆದಾಡುವ ಬಾಡಿಗೆ ಸೈನಿಕನಾದ. ಮರುಭೂಮಿಯಲ್ಲಿ ತನ್ನ ನಾಯಕ ಬುಷ್‌ಮನ್ ಒಬ್ಬ ಮುಗ್ಧ ಪುರಾತತ್ವಜ್ಞನನ್ನು, ಡಾಕ್ಟರ್ ಆಲ್ರೋನ್‌ನನ್ನು, ಕೊಂದಾಗ ಮೊದಲ ಬಾರಿ ಎದುರು ನಿಂತ. ಬುಷ್‌ಮನ್ ಅವನನ್ನು ಬಡಿದು ಸಾಯಲು ಮರಳಿನಲ್ಲಿ ಬಿಟ್ಟುಹೋದ. ಈಜಿಪ್ಟಿನ ಚಂದ್ರದೇವ ಖೋನ್ಶುವಿನ ವಿಗ್ರಹದ ಬುಡದಲ್ಲಿ ಅವನ ಜೀವ ಮರಳಿತು. ಆಮೇಲೆ ನ್ಯೂಯಾರ್ಕಿನಲ್ಲಿ ಅವನು ಹಲವರಾಗಿ ಬದುಕಿದ: ಸಿರಿವಂತ ಸ್ಟೀವನ್ ಗ್ರಾಂಟ್, ಟ್ಯಾಕ್ಸಿ ಓಡಿಸುವ ಜೇಕ್ ಲಾಕ್ಲಿ, ಮತ್ತು ರಾತ್ರಿ ಬಿಳಿ ಉಡುಪಿನ ಮೂನ್ ನೈಟ್. ಕತ್ತಲಲ್ಲಿ ಅಡಗಲು ಕಪ್ಪು ಹಾಕಿಕೊಳ್ಳುವವರ ನಡುವೆ ಇವನು ಬಿಳಿ ಹಾಕುತ್ತಾನೆ, ಬರುವುದು ಕಾಣಲಿ ಎಂದೇ. 'ಬಿಳಿ ಬ್ಯಾಟ್‌ಮನ್' ಎಂದು ಕರೆಯುವವರಿಗೆ ನನ್ನ ಉತ್ತರ ಇದೊಂದೇ, ಅದರ ಬಗ್ಗೆ ಇನ್ನು ಮಾತು ಬೆಳೆಸುವುದಿಲ್ಲ.

ಈಗ ಸ್ಕಾರ್ಲೆಟ್ ಬಗ್ಗೆ ಹೇಳುತ್ತೇನೆ. ಈ ಪತ್ರ ಬರೆಯಲು ಕೂತಿದ್ದೇ ಅವಳಿಗಾಗಿ ಅಂದರೂ ನಡೆದೀತು.

1981ರ 14ನೇ ಸಂಚಿಕೆ. ಸ್ಕಾರ್ಲೆಟ್ ಫಸಿನೆರಾ ಒಂದು ಕಾಲಕ್ಕೆ ಸನ್ಯಾಸಿನಿ. ಮಠ ಬಿಟ್ಟು ಬಂದು ಮದುವೆಯಾದದ್ದು ಒಬ್ಬ ಪಾತಕಿಯನ್ನು. ಗಂಡ ಹೋದ, ಮಗ ಅಪ್ಪನ ದಾರಿಯನ್ನೇ ಹಿಡಿದ. ಪಾಳುಬಿದ್ದ ಒಂದು ಚರ್ಚಿನಲ್ಲಿ ಅವಳೊಬ್ಬಳೇ, ಸುತ್ತ ಬಣ್ಣದ ಗಾಜಿನ ಕಿಟಕಿಗಳು. ಜೈಲಿನಿಂದ ತಪ್ಪಿಸಿಕೊಂಡ ಮಗ, 'ಮ್ಯಾಡ್ ಡಾಗ್' ಎಂದು ಹೆಸರಾದ ಕೊಲೆಗಾರ, ತಾಯಿಯನ್ನು ಹುಡುಕಿಕೊಂಡು ಬರುತ್ತಾನೆ. ಮೂನ್ ನೈಟ್ ಅವನ ಬೆನ್ನು ಹತ್ತಿ ಬರುತ್ತಾನೆ. ಇಂಥ ಕಥೆ ಹೇಗೆ ಮುಗಿಯುತ್ತದೆ ಎಂದು ಓದುಗನಿಗೆ ಗೊತ್ತು: ನಾಯಕ ಖಳನನ್ನು ಸದೆಬಡಿಯುತ್ತಾನೆ, ತಾಯಿ ಅಳುತ್ತಾಳೆ. ಇಲ್ಲಿ ಹಾಗಾಗುವುದಿಲ್ಲ. ಮಗ ಮೂನ್ ನೈಟ್‌ನನ್ನು ಕೊಲ್ಲುವ ಹಂತಕ್ಕೆ ಬಂದಾಗ ತಾಯಿಯೇ ಮಗನಿಗೆ ಗುಂಡು ಹಾರಿಸುತ್ತಾಳೆ.

ನಾನು ಆ ಸಂಚಿಕೆಯನ್ನು ಮೊದಲು ಓದಿದ್ದು ಒಂದು ರಾತ್ರಿ, ಮಲಗುವ ಮುಂಚೆ ಹತ್ತು ನಿಮಿಷ ಓದೋಣ ಅಂತ. ಮುಗಿಸಿ ದೀಪ ಆರಿಸಲಾಗಲಿಲ್ಲ. ತಿರುಗಿ ಮೊದಲ ಪುಟಕ್ಕೆ ಹೋದೆ. ಚಿತ್ರಕಾರ ಬಿಲ್ ಸಿಂಕೆವಿಚ್ ಆ ಕಿಟಕಿಗಳ ಮುಂದೆ ಅವಳನ್ನು ನಿಲ್ಲಿಸಿದ ರೀತಿ ನೋಡಿ. ಕಿಟಕಿಯಲ್ಲಿರುವ ಚಿತ್ರಗಳಿಗೂ ಅವಳಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಗಾಜಿನೊಳಗಿಂದ ಇಳಿದು ಬಂದವಳ ಹಾಗೆ. ಮೂನ್ ನೈಟ್ ಬದುಕಿರುವುದು ಅವಳ ಮಗ ಸತ್ತದ್ದರಿಂದ. ಇಬ್ಬರ ನಡುವೆ ಇಂಥದೊಂದು ಸಾಲ ಇದ್ದಮೇಲೆ ಅವರು ಎಂದಾದರೂ ಒಬ್ಬರನ್ನೊಬ್ಬರು ಬಿಡಲು ಸಾಧ್ಯವೇ? ಮುಂದೆ 24ನೇ ಸಂಚಿಕೆಯಲ್ಲಿ ಅವಳು ಕೆಂಪು ಉಟ್ಟು, ಕ್ರಾಸ್‌ಬೋ ಹಿಡಿದು, ಪಾತಕಿಗಳನ್ನು ಬೇಟೆಯಾಡುತ್ತಾಳೆ. ಯೋಚಿಸಿ, ಅವಳು ಮಾಡುತ್ತಿರುವುದು ಏನು? ತಪ್ಪು ಮಾಡಿದವರನ್ನು ರಾತ್ರಿ ಹುಡುಕಿ ಹೊಡೆಯುವುದು. ಧರ್ಮದ ಬಲವೇ ತನ್ನ ಬೆನ್ನಿಗಿದೆ ಎಂದು ನಂಬುವುದು. ಮೂನ್ ನೈಟ್ ಮಾಡುವುದೂ ಅದನ್ನೇ! ಅವಳನ್ನು ಯಾವ ಬಾಯಲ್ಲಿ ತಡೆಯುತ್ತಾನೆ ಅವನು? 1991ರಲ್ಲಿ ಜೆ. ಎಂ. ಡಿಮ್ಯಾಟಿಸ್ ಅವಳಿಗೆ ಆರು ಸಂಚಿಕೆಗಳ ಒಂದು ಕಥೆ ಕೊಟ್ಟರು. ಆಮೇಲೆ ದೀರ್ಘ ಮೌನ. ಇತ್ತೀಚೆಗೆ ಕಥೆಗಾರ ಜೆಡ್ ಮೆಕೇ ಅವಳನ್ನು ಮತ್ತೆ ಕರೆತಂದಾಗ ನನಗಾದ ಸಂತೋಷ ಹೇಳತೀರದು. ಆದರೆ ಸುಮಾರು ನಲವತ್ತು ವರ್ಷಗಳಲ್ಲಿ ಅವಳಿಗೆ ಸಿಕ್ಕ ಪುಟಗಳನ್ನು ಎಣಿಸಿ ನೋಡಿ, ನಿಮಗೇ ಬೇಸರವಾಗುತ್ತದೆ.

ಮಾರ್ಫಿಯಸ್‌ನದು ಇನ್ನೊಂದು ಬಗೆ. ರಾಬರ್ಟ್ ಮಾರ್ಕಂ ಎಂಬ ರೋಗಿ. ಅವನ ಮೇಲೆ ಪ್ರಯೋಗ ಮಾಡಿದ ಔಷಧಿ ಅವನ ನಿದ್ರೆಯನ್ನೇ ಕಿತ್ತುಕೊಂಡಿತು. ನಿದ್ರೆ ಬಾರದ ಮನಸ್ಸಿನಲ್ಲಿ ತುಂಬಿಕೊಂಡದ್ದೆಲ್ಲ ಕಪ್ಪು ಶಕ್ತಿಯಾಗಿ ಹೊರಬರುತ್ತದೆ. ಆ ಔಷಧಿ ಕೊಟ್ಟ ಡಾಕ್ಟರ್ ಬೇರೆ ಯಾರೂ ಅಲ್ಲ, ಮೂನ್ ನೈಟ್‌ನ ಪ್ರೇಯಸಿ ಮಾರ್ಲೀನ್‌ಳ ಅಣ್ಣತಮ್ಮಂದಿರಲ್ಲೇ ಒಬ್ಬ, ಮರುಭೂಮಿಯಲ್ಲಿ ಸತ್ತ ಆ ಪುರಾತತ್ವಜ್ಞನ ಮಗ ಪೀಟರ್ ಆಲ್ರೋನ್. ರಾತ್ರಿಯ ನಾಯಕನಿಗೆ ನಿದ್ರೆಯೇ ಇಲ್ಲದ ಎದುರಾಳಿ, ಅದೂ ಮನೆಯವರ ಕೈಯಿಂದಲೇ ಆದ ಗಾಯ. ಇದಕ್ಕಿಂತ ಇನ್ನೇನು ಬೇಕು ಒಬ್ಬ ಕಥೆಗಾರನಿಗೆ?

ಮಿಡ್‌ನೈಟ್ ಮ್ಯಾನ್‌ನನ್ನು, ಅಂದರೆ ನಡುರಾತ್ರಿಗೆ ಸರಿಯಾಗಿ ಕದಿಯುವ ಆಂಟನ್ ಮೊಗಾರ್ಟ್‌ನನ್ನು, ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಅವನ ಮಗ ಜೆಫ್ ವೈಲ್ಡ್ ಇದ್ದಾನಲ್ಲ, ಅವನ ಕಥೆ ನನ್ನನ್ನು ಕಾಡುತ್ತದೆ. 1989ರ ಸರಣಿಯಲ್ಲಿ ಮೂನ್ ನೈಟ್‌ನ ಜೊತೆಗಾರನಾಗಲು ಹಂಬಲಿಸಿ ಬಂದ ಹುಡುಗ ಅವನು. ಜೊತೆಗಾರನೂ ಆದ, ಅದರ ಬೆಲೆಯನ್ನೂ ತೆತ್ತ. ದೇಹದ ಅರ್ಧ ಯಂತ್ರವಾಯಿತು. ವರ್ಷಗಳ ನಂತರ ಚಾರ್ಲಿ ಹ್ಯೂಸ್ಟನ್ ಬರೆದ ಸರಣಿಯಲ್ಲಿ ಅವನು ಕೊಲೆಗಾರನಾಗಿ ಮರಳಿ ಬರುತ್ತಾನೆ. ಬಯಸಿದ್ದು ಒಂದೇ: ಮೂನ್ ನೈಟ್ ತನ್ನ ಕಡೆ ತಿರುಗಿ ನೋಡಲಿ. ಜೊತೆಗಾರನಾಗಿ ಸಿಗದ ಗಮನ ಶತ್ರುವಾಗಿಯಾದರೂ ಸಿಗಲಿ ಅಂತ. ಈ ಹುಡುಗನನ್ನು ಹುಟ್ಟಿಸಿದ್ದು ಮೂನ್ ನೈಟ್‌ನ ಅಸಡ್ಡೆ. ಹೊರಗಿನ ಯಾವ ದುಷ್ಟಶಕ್ತಿಯೂ ಅಲ್ಲ.

ಬ್ಲ್ಯಾಕ್ ಸ್ಪೆಕ್ಟರ್ ಎಂಬ ಹೆಸರನ್ನು ಕನ್ನಡದಲ್ಲಿ ಬರೆದಾಗ ಒಂದು ತಮಾಷೆಯಲ್ಲದ ಸತ್ಯ ಹೊಳೆಯುತ್ತದೆ. ಇಂಗ್ಲಿಷಿನಲ್ಲಿ ಕೊನೆಯ ಎರಡು ಅಕ್ಷರ ಬೇರೆಯಾಗಿ ಅದು ಬೇರೆ ಪದವಾಗಿ ಕಾಣುತ್ತದೆ. ನಮ್ಮ ಲಿಪಿಯಲ್ಲಿ ಮಾರ್ಕ್ ಸ್ಪೆಕ್ಟರ್‌ನ 'ಸ್ಪೆಕ್ಟರ್' ಕೂಡ ಅದೇ, ಇದೂ ಅದೇ. ಕಪ್ಪು ಸ್ಪೆಕ್ಟರ್. 1982ರ 25ನೇ ಸಂಚಿಕೆಯ ಕಾರ್ಸನ್ ನೋಲ್ಸ್ ವಿಯೆಟ್ನಾಂ ಯುದ್ಧದಿಂದ ಮರಳಿದವನು. ಅವನಿಗಾಗಿ ಕಾದುಕೊಂಡವರು ಯಾರೂ ಇರಲಿಲ್ಲ. ಬಿಳಿಯ ನೈಟ್‌ಗೆ ಎದುರಾಗಿ ಕಪ್ಪು ಕವಚ ತೊಟ್ಟ. ಹಗಲು ನ್ಯೂಯಾರ್ಕಿನ ಮೇಯರ್ ಚುನಾವಣೆಗೆ ನಿಂತ. ಮಾರ್ಕ್‌ನೂ ಯುದ್ಧದಿಂದಲೇ ಬಂದವನು, ಆದರೆ ಅವನಿಗೆ ಮಾರ್ಲೀನ್ ಇದ್ದಳು, ಹೆಲಿಕಾಪ್ಟರ್ ಹಾರಿಸುವ ಗೆಳೆಯ ಫ್ರೆಂಚಿ ಇದ್ದ, ಹೋಟೆಲಿನಲ್ಲಿ ಕಾಫಿ ಕೊಡುವ ಜೀನಾ ಇದ್ದಳು. ನೋಲ್ಸ್‌ಗೆ ಯಾರಿದ್ದರು?

ಇದೇ ಹೆಸರನ್ನು 2014ರಲ್ಲಿ ವಾರನ್ ಎಲ್ಲಿಸ್ ಮತ್ತು ಡೆಕ್ಲನ್ ಶಾಲ್ವಿ ಮತ್ತೆ ಬಳಸಿದ್ದು ನನಗೆ ತುಂಬ ಮೆಚ್ಚುಗೆಯಾಯಿತು. ಮೊದಲ ಸಂಚಿಕೆಯಲ್ಲಿ ಘಟನಾ ಸ್ಥಳದಲ್ಲಿ ಒಬ್ಬ ಪೊಲೀಸಿನವನು ನಿಂತಿರುತ್ತಾನೆ. ಮೂನ್ ನೈಟ್ ಬಂದು, ಅವನನ್ನು ಕಣ್ಣೆತ್ತಿ ನೋಡದೆ, ಕೆಲಸ ಮುಗಿಸಿ ಹೋಗುತ್ತಾನೆ. ಓದುಗರೂ ಅವನನ್ನು ನೋಡುವುದಿಲ್ಲ, ನಾನಂತೂ ನೋಡಿರಲಿಲ್ಲ. ಆರನೇ ಸಂಚಿಕೆಗೆ ಬಂದಾಗ ಕಥೆ ಅವನದೇ. ಆ ತಿರಸ್ಕಾರ ಐದು ಸಂಚಿಕೆಗಳ ಕಾಲ ಅವನೊಳಗೆ ಕೊಳೆತು, ಅವನು ಹೊಸ ಬ್ಲ್ಯಾಕ್ ಸ್ಪೆಕ್ಟರ್ ಆಗಿರುತ್ತಾನೆ. ನಾನು ಓಡಿಹೋಗಿ ಮೊದಲ ಸಂಚಿಕೆ ತೆಗೆದು ಅವನ ಮುಖ ಹುಡುಕಿದೆ. ಅಲ್ಲೇ ಇದ್ದ.

ಇನ್ನೊಂದು ಸಂಚಿಕೆಯಲ್ಲಿ ವಿಲನ್‌ಗೆ ವೇಷವೂ ಇಲ್ಲ, ಬಿರುದೂ ಇಲ್ಲ. 1982ರ 26ನೇ ಸಂಚಿಕೆಯ 'ಹಿಟ್ ಇಟ್'. ಚಿಕ್ಕಂದಿನಲ್ಲಿ ಅಪ್ಪನ ಕೈಲಿ ಹೊಡೆತ ತಿಂದು ಬೆಳೆದ ಒಬ್ಬ ಮನುಷ್ಯ ಬೀದಿಗಿಳಿದು ಸಿಕ್ಕಸಿಕ್ಕವರಿಗೆ ಹೊಡೆಯುತ್ತಾ ಹೋಗುತ್ತಾನೆ. ಮೆಂಚ್ ಅದನ್ನು ತಾಳದ ಹಾಗೆ ಬರೆದಿದ್ದಾರೆ, ಸಿಂಕೆವಿಚ್ ಆ ತಾಳಕ್ಕೆ ಗೆರೆ ಎಳೆದಿದ್ದಾರೆ. ಚೌಕಟ್ಟುಗಳೇ ಪೆಟ್ಟುಗಳಾಗಿ ಬೀಳುತ್ತವೆ. ಸರಣಿಯ ಆರಂಭದಲ್ಲಿ ಹಿರಿಯ ಚಿತ್ರಕಾರ ನೀಲ್ ಆಡಮ್ಸ್‌ರ ನೆರಳಿನಲ್ಲಿ ಚಿತ್ರಿಸುತ್ತಿದ್ದ ಹುಡುಗ ಎರಡೇ ವರ್ಷದಲ್ಲಿ ತನ್ನದೇ ಕೈ ಕಂಡುಕೊಂಡದ್ದು ಈ ಸಂಚಿಕೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಹೊಡೆಯುವವನನ್ನು ನಿಲ್ಲಿಸಲು ಮೂನ್ ನೈಟ್‌ಗೆ ಗೊತ್ತಿರುವುದು ಹೊಡೆಯುವುದೊಂದೇ. ಆ ಇಕ್ಕಟ್ಟಿನಿಂದ ಕಥೆ ಅವನನ್ನು ಪಾರು ಮಾಡುವುದಿಲ್ಲ, ನಮ್ಮನ್ನೂ ಪಾರು ಮಾಡುವುದಿಲ್ಲ.

ಇಷ್ಟು ಇದ್ದೂ "ವಿಲನ್‌ಗಳೇ ಇಲ್ಲ" ಎಂಬ ಮಾತು ಹೇಗೆ ಹುಟ್ಟಿತು? ನನ್ನ ಲೆಕ್ಕದಲ್ಲಿ ಕಾರಣ ನಿಮ್ಮ ಪ್ರಕಟಣೆಯ ರೀತಿಯಲ್ಲೇ ಇದೆ. ಮೊದಲ ಸರಣಿ 38 ಸಂಚಿಕೆಗೆ ನಿಂತಿತು. ಅದೂ 15ನೇ ಸಂಚಿಕೆಯಿಂದ, ಅಂದರೆ 1982ರಿಂದ, ಕಾಮಿಕ್ಸ್ ಅಂಗಡಿಗಳಲ್ಲಿ ಮಾತ್ರ ಮಾರಾಟ. ಕಥೆಗಾರರಿಗೆ ಸ್ವಾತಂತ್ರ್ಯ ಸಿಕ್ಕಿತು ನಿಜ, ಆ ಸಂಚಿಕೆಗಳ ಧೈರ್ಯ ಬಂದದ್ದು ಅಲ್ಲಿಂದಲೇ ಅನ್ನುವುದು ನನ್ನ ನಂಬಿಕೆ. ಆದರೆ ಸಾಮಾನ್ಯ ಓದುಗನ ಕಣ್ಣಿಂದ ಅವು ಮರೆಯಾದವು. 1985ರ ಸರಣಿ ಆರೇ ಸಂಚಿಕೆ. 1989ರದು 60 ಸಂಚಿಕೆ ನಡೆಯಿತು. 2006ರಿಂದ ಈಚೆಗೆ ಕೆಲವು ವರ್ಷಕ್ಕೊಮ್ಮೆ ಸರಣಿ ನಿಲ್ಲುತ್ತದೆ, ಮತ್ತೆ ಒಂದನೇ ನಂಬರಿನಿಂದ ಶುರುವಾಗುತ್ತದೆ. 2011ರದು 12 ಸಂಚಿಕೆ, 2014ರದು 17, 2016ರದು 14. ಪ್ರತಿ ಸಲ ಹೊಸ ಕಥೆಗಾರ ಬರುತ್ತಾರೆ, ಹೊಸ ಓದುಗರಿಗಾಗಿ ಮರುಭೂಮಿಯ ಕಥೆ ಮತ್ತೆ ಹೇಳಬೇಕಾಗುತ್ತದೆ. ಮರುಭೂಮಿ ಅಂದಮೇಲೆ ಬುಷ್‌ಮನ್ ಬಂದೇ ಬರುತ್ತಾನೆ. ಮೂಲಕಥೆಗೆ ಅವನು ಬೇಕೇ ಬೇಕಲ್ಲ. ಉಳಿದವರ ಸರದಿ ಬರುವಷ್ಟರಲ್ಲಿ ಸರಣಿಯೇ ಮುಗಿದಿರುತ್ತದೆ.

ಬುಷ್‌ಮನ್ ವಿಚಾರಕ್ಕೆ ಬಂದದ್ದರಿಂದ ಒಂದು ಮಾತು ಹೇಳಲೇಬೇಕು. ಎಲ್ಲರಿಗಿಂತ ಹೆಚ್ಚು ಸಲ ಬಂದವನು ಅವನೇ, ಎಲ್ಲರಿಗಿಂತ ಕಡಿಮೆ ಗೊತ್ತಿರುವುದೂ ಅವನ ಬಗ್ಗೆಯೇ. ಮುಖದ ಮೇಲೆ ತಲೆಬುರುಡೆಯ ಬಿಳಿ ಗುರುತು, ಬಾಯಲ್ಲಿ ಉಕ್ಕಿನ ಹಲ್ಲು. ಆಫ್ರಿಕಾದ ಮನುಷ್ಯನೊಬ್ಬನನ್ನು ಬರೇ ಕ್ರೌರ್ಯದ ಮೂರ್ತಿಯಾಗಿ ನಿಲ್ಲಿಸಿದ ಈ ಚಿತ್ರ 1980ಕ್ಕೂ ಸರಿಯಿರಲಿಲ್ಲ, ಇವತ್ತಿಗೆ ಇನ್ನೂ ಸರಿಯಿಲ್ಲ. ಅವನು ಬಾಡಿಗೆ ಸೈನಿಕನಾದದ್ದು ಹೇಗೆ? ಯಾವ ಊರು ಸುಟ್ಟ ಮೇಲೆ? ಅವನ ಕೈಕೆಳಗೆ ಮಾರ್ಕ್ ಎಷ್ಟು ವರ್ಷ ಏನೇನು ಮಾಡಿದ, ಯಾರು ಯಾರನ್ನು ಕೊಂದ? ಆಲ್ರೋನ್ ಕೊಲೆಗೆ ಮುಂಚೆ ಮಾರ್ಕ್ ಬುಷ್‌ಮನ್‌ನ ನಂಬಿಕೆಯ ಬಂಟನಾಗಿದ್ದ ಎಂಬುದನ್ನು ಕಥೆಗಳು ಬೇಗಬೇಗ ದಾಟಿ ಹೋಗುತ್ತವೆ. 2006ರಲ್ಲಿ ಹ್ಯೂಸ್ಟನ್ ಮತ್ತು ಡೇವಿಡ್ ಫಿಂಚ್ ಮಾರ್ಕ್‌ನ ಕೈಯಲ್ಲೇ ಬುಷ್‌ಮನ್‌ನ ಮುಖದ ಚರ್ಮ ಸುಲಿಸಿದರು. ಆಮೇಲೆ ಖೋನ್ಶು ಆ ಸುಲಿದ ಮುಖ ಹೊತ್ತೇ ಮಾರ್ಕ್‌ನ ಕಣ್ಣೆದುರು ಬಂದು ಅಣಕಿಸುತ್ತದೆ. ಆ ಪುಟ ನೋಡಿ ನನಗೆ ಹೊಟ್ಟೆ ತೊಳಸಿತು. ಅದರಲ್ಲಿ ಒಂದು ದೊಡ್ಡ ಮಾತಿದೆ ಎಂದೂ ಅನ್ನಿಸಿತು: ಮುಖವಾಡ ಹಾಕಿಕೊಂಡವನು ಇನ್ನೊಬ್ಬನ ಮುಖ ಕಿತ್ತುಕೊಂಡ. ಆದರೆ ಮುಖ ಕಳೆದುಕೊಂಡವನ ಕಡೆಯಿಂದ ಆ ಕಥೆಯನ್ನು ಮನಸ್ಸಿಟ್ಟು ಹೇಳಿದವರನ್ನು ನಾನು ಕಾಣೆ. ಅದನ್ನು ಬರೆಯಿಸಿ. ಆಫ್ರಿಕಾದ ಮೂಲದ ಕಥೆಗಾರರೊಬ್ಬರ ಕೈಗೆ ಕೊಡಿ.

ಇನ್ನು ಸ್ಟುಡಿಯೋದವರಿಗೆ. 2022ರ ಆರು ಕಂತುಗಳ ಸರಣಿಯನ್ನು ನಾನು ಎರಡು ಸಲ ನೋಡಿದ್ದೇನೆ. ಆಸ್ಕರ್ ಐಸಾಕ್ ಮೂರು ಜನರಾಗಿ ಬದುಕಿದ್ದನ್ನು ಮರೆಯಲಾರೆ. ಆದರೆ ಮೊದಲ ದೃಶ್ಯ ನೆನಪಿಸಿಕೊಳ್ಳಿ. ಈಥನ್ ಹಾಕ್ ಆಡಿದ ಆರ್ಥರ್ ಹ್ಯಾರೋ ಗಾಜಿನ ಲೋಟವನ್ನು ಬಟ್ಟೆಯಲ್ಲಿ ಸುತ್ತಿ ಒಡೆಯುತ್ತಾನೆ. ಚೂರುಗಳನ್ನು ತನ್ನ ಚಪ್ಪಲಿಯೊಳಗೆ ಸುರಿಯುತ್ತಾನೆ. ಕಾಲಿಟ್ಟು, ಹೆಜ್ಜೆ ಹಾಕಿ ನಡೆಯುತ್ತಾನೆ. ಗಾಜು ಕರಕರ ಅನ್ನುತ್ತದೆ. ಒಂದು ಮಾತಿಲ್ಲದೆ ಒಬ್ಬ ಪ್ರತಿನಾಯಕ ಪೂರ್ತಿಯಾಗಿ ನಮ್ಮೆದುರು ಬಂದು ನಿಂತ. ಈ ಹ್ಯಾರೋ 1985ರ ಕಾಮಿಕ್ಸಿನಲ್ಲಿ ಒಂದು ಸಂಚಿಕೆಗೆ ಬಂದು ಹೋಗಿದ್ದವನು, ನೋವಿನ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿ. ಅಭಿಮಾನಿಗಳಿಗೂ ನೆನಪಿರಲಿಲ್ಲ. ನೀವು ಅವನನ್ನು ಧೂಳು ಕೊಡವಿ ತಂದಿರಿ, ಮಾರ್ಕ್‌ಗಿಂತ ಮುಂಚೆ ಖೋನ್ಶುವಿನ ಸೇವೆ ಮಾಡಿ ರೋಸಿಹೋದವನನ್ನಾಗಿ ಮಾಡಿದಿರಿ. ಒಂದೇ ಸಂಚಿಕೆಯ ವಿಲನ್‌ಗೆ ಎರಡನೇ ಅವಕಾಶ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನೀವೇ ಒದಗಿಸಿದ್ದೀರಿ. ಆಮೇಲೆ ಮಾಡಿದ್ದೇನು? ಕೊನೆಯ ಕಂತಿನಲ್ಲಿ ಕೈರೋದ ಮೇಲೆ ಎರಡು ದೈತ್ಯ ದೇವತೆಗಳ ಬಡಿದಾಟ, ಆಮೇಲೆ ಕಾರಿನೊಳಗೆ ಜೇಕ್ ಲಾಕ್ಲಿಯ ಕೈಯಿಂದ ಹ್ಯಾರೋಗೆ ಗುಂಡು. ಗಾಜಿನ ಚೂರಿನ ಮೇಲೆ ನಡೆದ ಆ ಮನುಷ್ಯನಿಗೆ ಹೇಳಲು ಇನ್ನೂ ಎಷ್ಟೋ ಇತ್ತು.

ಖೋನ್ಶುವೇ ನಿಜವಾದ ವಿಲನ್ ಎಂದು ವಾದಿಸುವ ಅಭಿಮಾನಿಗಳಿದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ಜೆಫ್ ಲೆಮೈರ್ ಮತ್ತು ಗ್ರೆಗ್ ಸ್ಮಾಲ್‌ವುಡ್‌ರ 2016ರ ಸರಣಿ ಓದಿದ ಮೇಲೆ ಬೇರೆ ರೀತಿ ಯೋಚಿಸುವುದು ಕಷ್ಟ. ಅಲ್ಲಿ ಮಾರ್ಕ್ ಗೆಲ್ಲುವುದು ತನ್ನೊಳಗಿನವರನ್ನೆಲ್ಲ ಒಪ್ಪಿಕೊಂಡು, ದೇವರಿಗೆ ಬೆನ್ನು ತಿರುಗಿಸಿ. ಈಜಿಪ್ಟಿನವರ ಖೋನ್ಸುವಿಗೆ ಕಾರ್ನಾಕ್‌ನಲ್ಲಿ ದೇವಸ್ಥಾನವಿದೆ, ಅಮುನ್ ಮತ್ತು ಮುತ್ ದಂಪತಿಯ ಮಗ, ಹೆಸರಿನ ಅರ್ಥ ಸಂಚಾರಿ. ಹಕ್ಕಿಯ ತಲೆಬುರುಡೆಯ ಆ ಕ್ರೂರ ಮುಖ ನಿಮ್ಮ ಕಾಮಿಕ್ಸಿನದು. ಆದರೂ ಖೋನ್ಶು ಒಬ್ಬನನ್ನೇ ನೆಚ್ಚಿಕೊಂಡರೆ ಕಥೆಯೆಲ್ಲ ಮಾರ್ಕ್‌ನ ತಲೆಯೊಳಗೇ ಸುತ್ತುತ್ತದೆ. ಅವನಿಗೆ ಬೀದಿ ಬೇಕು, ಟ್ಯಾಕ್ಸಿ ಬೇಕು, ಎದುರು ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಮನುಷ್ಯರು ಬೇಕು.

ತಲೆಯೊಳಗಿನ ಮಾತು ಬಂತು. ಮಾರ್ಕ್‌ಗೆ ಇರುವಂಥ ವಿಭಜಿತ ವ್ಯಕ್ತಿತ್ವದ ತೊಂದರೆಗೆ ಬಾಲ್ಯದ ಘೋರ ಆಘಾತದ ಜೊತೆ ಗಾಢ ನಂಟಿದೆ. ಅದರೊಂದಿಗೆ ಬದುಕುತ್ತಿರುವ ಓದುಗರು ಈ ಪಾತ್ರವನ್ನು ಎದೆಗೆ ಹಚ್ಚಿಕೊಂಡಿದ್ದಾರೆ. ಆದ್ದರಿಂದ ಹೊಸ ವಿಲನ್ ಹುಟ್ಟಿಸುವಾಗ "ಅವನಿಗೆ ಹುಚ್ಚು" ಎಂಬ ಒಂದೇ ಕಾರಣ ಕೊಟ್ಟು ಕೈ ತೊಳೆದುಕೊಳ್ಳಬೇಡಿ. 2018ರಲ್ಲಿ ಮ್ಯಾಕ್ಸ್ ಬೆಮಿಸ್ ಬರೆದ ಎರ್ನ್‌ಸ್ಟ್ ನನಗೆ ಇಲ್ಲಿ ನೆನಪಾಗುತ್ತಾನೆ. ರಬ್ಬಿಯ ಸೋಗಿನಲ್ಲಿ ಅಡಗಿಕೊಂಡಿದ್ದ ನಾಜಿ, ಸ್ಪೆಕ್ಟರ್ ಕುಟುಂಬಕ್ಕೆ ಆತ್ಮೀಯ. ಮನೆಯೊಳಗೆ ಪ್ರೀತಿಯಿಂದ ಬಂದುಹೋಗುವ ಹಿರಿಯನ ನಿಜರೂಪ ಪುಟ್ಟ ಮಾರ್ಕ್ ಒಬ್ಬನ ಕಣ್ಣಿಗೆ ಬೀಳುತ್ತದೆ, ಮಗುವಿನ ಮನಸ್ಸು ಅಲ್ಲಿ ಬಿರುಕು ಬಿಡುತ್ತದೆ. ಹುಚ್ಚು ಇರುವುದು ಯಾರಲ್ಲಿ, ಕೇಡು ಇರುವುದು ಯಾರಲ್ಲಿ ಎಂಬುದನ್ನು ಆ ಕಥೆ ಬೇರೆ ಬೇರೆಯಾಗಿಯೇ ಇಟ್ಟಿತು. ಮೂನ್ ನೈಟ್‌ನ ಅತಿ ಭಯಾನಕ ವಿಲನ್ ಅವನೇ ಇರಬಹುದು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮುಂದಿನ ಸಲ ಸರಣಿ ಒಂದನೇ ನಂಬರಿನಿಂದ ಶುರುವಾಗುವಾಗ ಮರುಭೂಮಿಗೆ ಹೋಗಬೇಡಿ, ನಾವು ಅಲ್ಲಿಗೆ ಸಾಕಷ್ಟು ಸಲ ಹೋಗಿ ಬಂದಿದ್ದೇವೆ. ಹೊಸ ವಿಲನ್ ಬಂದರೆ ಮೊದಲ ಕಥೆಯಲ್ಲೇ ಕೊಲ್ಲಬೇಡಿ. ಮೆಕೇ ಅವರ 2021ರ ಸರಣಿ ಈ ದಾರಿಯನ್ನು ತೋರಿಸಿದೆ. ಅಲ್ಲಿ ಝೋಡಿಯಾಕ್ ಎಂಬ ಎದುರಾಳಿ ಹಲವು ಸಂಚಿಕೆಗಳ ಕಾಲ ಮಾರ್ಕ್‌ನ ಬೆನ್ನು ಬಿಡುವುದಿಲ್ಲ. 8-ಬಾಲ್‌ನಂಥ ನಗೆಪಾಟಲಿಗೆ ಗುರಿಯಾಗಿದ್ದ ಹಳೆಯ ಪುಡಿಗಳ್ಳನಿಗೂ ಮೂನ್ ನೈಟ್‌ನ ಬಾಗಿಲಲ್ಲಿ ಜಾಗ ಸಿಗುತ್ತದೆ. ಬಿಲಿಯರ್ಡ್ಸ್ ಚೆಂಡಿನ ಆಕಾರದ ಶಿರಸ್ತ್ರಾಣ ಹಾಕಿದ ಒಬ್ಬ ಸೋತ ಮನುಷ್ಯನನ್ನು ನೋಡಿ ನನಗೆ ಗಂಟಲು ಕಟ್ಟೀತೆಂದು ನಾನು ಎಣಿಸಿರಲಿಲ್ಲ. ಅವನಿಗೇ ಅದು ಸಾಧ್ಯವಾದರೆ ಮಾರ್ಫಿಯಸ್‌ಗೆ, ಜೆಫ್ ವೈಲ್ಡ್‌ನ ನೆನಪಿಗೆ, ಕಾರ್ಸನ್ ನೋಲ್ಸ್‌ನಂಥವರಿಗೆ ಯಾಕೆ ಸಾಧ್ಯವಿಲ್ಲ?

ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಸ್ಕಾರ್ಲೆಟ್‌ಳಿಂದ ಶುರು ಮಾಡಿ. ಪರದೆಯ ಮೇಲಾದರೂ ಸರಿ, ಪುಟದ ಮೇಲಾದರೂ ಸರಿ. ಹೊಡೆದಾಟ ಬೇಡ. ಪಾಳು ಚರ್ಚು, ಹೊರಗೆ ಬೆಳದಿಂಗಳು, ಬಣ್ಣದ ಗಾಜಿನಿಂದ ನೆಲದ ಮೇಲೆ ಬಿದ್ದ ಕೆಂಪು ಬೆಳಕು. ಮಗನನ್ನು ಕೊಂದ ತಾಯಿ ಒಂದು ಬೆಂಚಿನ ಮೇಲೆ. ಆ ಕೊಲೆಯಿಂದ ಜೀವ ಉಳಿಸಿಕೊಂಡವನು ಅವಳ ಪಕ್ಕದಲ್ಲಿ, ಮುಖವಾಡ ತೆಗೆದು ಕೈಯಲ್ಲಿ ಹಿಡಿದುಕೊಂಡು. ಮೊದಲು ಯಾರು ಮಾತಾಡುತ್ತಾರೆ ಎಂಬುದನ್ನು ನಿಮ್ಮ ಕಥೆಗಾರರು ತೀರ್ಮಾನಿಸಲಿ. ಓದಲು ನಾವು ಕಾಯುತ್ತಿದ್ದೇವೆ.

ಇಂತಿ,
ಮೂನ್ ನೈಟ್‌ನ ಬಹುಕಾಲದ ಓದುಗರಲ್ಲೊಬ್ಬ